ಜಲಯಂತ್ರವಿಶಾರದ ಜೇಮ್ಸ್ ಫ್ರಾನ್ಸಿಸ್ ಮಹಾಶಯನ ಜೀವನವೃತ್ತಾಂತ

ಉತ್ತರಕನ್ನಡ ಜಿಲ್ಲೆಯ ದಟ್ಟಡವಿಗಳ ನಡುವೆ ಹರಿಯುವ ಕಾಳೀ ನದಿಯ ನೀರು ನಾಗಝರಿಯ ವಿದ್ಯುದಾಗಾರವನ್ನು ಹೊಕ್ಕು, ಅಲ್ಲಿಯ ಬೃಹಚ್ಚಕ್ರಗಳನ್ನು ತಿರುಗಿಸಿ, ನಾಡಿನ ಮನೆಗಳಿಗೆ ಬೆಳಕನ್ನು ಕಳುಹುತ್ತದೆ. ಆ ಚಕ್ರಗಳಿಗೆ ಫ್ರಾನ್ಸಿಸ್ ಟರ್ಬೈನುಗಳೆಂದು ಹೆಸರು. ಭೂಮಂಡಲದಲ್ಲಿ ನೀರಿನ ಬಲದಿಂದ ವಿದ್ಯುತ್ತನ್ನು ಪಡೆಯುವ ಎಡೆಗಳಲ್ಲೆಲ್ಲ ಈ ಜಾತಿಯ ಚಕ್ರಗಳೇ ಹೆಚ್ಚಾಗಿ ಬಳಕೆಯಲ್ಲಿವೆ. ಹೆಸರು ಇಂಜಿನಿಯರುಗಳೆಲ್ಲರ ಬಾಯಲ್ಲಿದೆ. ಹೆಸರಿನ ಒಡೆಯನ ಬಾಳನ್ನು ಬಲ್ಲವರು ಮಾತ್ರ ವಿರಳ. ಆತನು ಅರಸನಲ್ಲ, ಸೇನಾನಿಯಲ್ಲ, ಸಭೆಗಳನ್ನು ಗೆದ್ದ ವಾಗ್ಮಿಯಲ್ಲ. ಐವತ್ತೆಂಟು ವರ್ಷಗಳ ಕಾಲ ಒಂದೇ ಊರಿನಲ್ಲಿ ನೆಲೆನಿಂತು, ಅಲ್ಲಿಯ ಗಿರಣಿಗಳಿಗೆ ನದಿಯ ನೀರನ್ನು ಅಳೆದು ಹಂಚುತ್ತ, ಮಡದಿಮಕ್ಕಳೊಡನೆ ಸಂಸಾರವನ್ನು ನಡೆಸಿ, ಆ ಊರ ಮಣ್ಣಿನಲ್ಲಿಯೇ ಕಣ್ಮುಚ್ಚಿದ ಒಬ್ಬ ಗೃಹಸ್ಥನು. ಆತನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಜೇಮ್ಸ್ ಬಿಚೆನೊ ಫ್ರಾನ್ಸಿಸ್ ಮಹಾಶಯನು 1815ನೆಯ ಇಸವಿ ಮೇ 18ರಂದು ಇಂಗ್ಲೆಂಡ್ ದೇಶದ ಆಕ್ಸ್‌ಫರ್ಡ್ ಪ್ರಾಂತಕ್ಕೆ ಸೇರಿದ ಸೌತ್ ಲೀ ಎಂಬ ಗ್ರಾಮದಲ್ಲಿ ಜನಿಸಿದನು. ತಂದೆಯಾದ ಜಾನ್ ಫ್ರಾನ್ಸಿಸನು ಕಬ್ಬಿಣದ ಹಾದಿಗಳನ್ನೂ ಬಂದರುಗಳನ್ನೂ ಕಟ್ಟಿಸುವ ಇಂಜಿನಿಯರು. ಬಾಲಕನ ಶಾಲೆಯ ಓದು ದೀರ್ಘವಾಗಿ ನಡೆಯಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆಲ್ಲ ಆತನು ಪುಸ್ತಕಗಳನ್ನು ಬದಿಗಿರಿಸಿ, ವೇಲ್ಸ್ ಸೀಮೆಯ ದಕ್ಷಿಣ ಕರಾವಳಿಯಲ್ಲಿ ಪೋರ್ತ್‌ಕಾಲ್ ಎಂಬ ಬಂದರಿನ ಕೆಲಸಕ್ಕೆ ತಂದೆಯ ಸಹಾಯಕನಾಗಿ ನಿಂತನು. ಅಲ್ಲಿಂದ ಎರಡು ವರ್ಷಗಳ ಮೇಲೆ ಗ್ರ್ಯಾಂಡ್ ವೆಸ್ಟರ್ನ್ ಎಂಬ ಕಾಲುವೆಯ ಕಂಪನಿಯಲ್ಲಿ ಉದ್ಯೋಗವು ದೊರೆಯಿತು. ಕಲ್ಲು, ಮಣ್ಣು, ನೀರು ಇವು ಮೂರೂ ಆತನಿಗೆ ಗುರುಗಳಾದುವು. ಈ ಗುರುಗಳು ತಪ್ಪನ್ನು ಒಡನೆಯೇ ತೋರಿಸುವರಲ್ಲದೆ ಯಾರ ದಾಕ್ಷಿಣ್ಯಕ್ಕೂ ಒಳಗಾಗುವರಲ್ಲ. ಮುಂದೆ ಆತನ ಬರವಣಿಗೆಯಲ್ಲಿ ಕಂಡುಬರುವ ನಿಷ್ಠುರವಾದ ಖಚಿತತೆಗೆ ಬಾಲ್ಯದ ಈ ಶಿಕ್ಷಣವೇ ಮೂಲವೆಂದು ತೋರುತ್ತದೆ.

ಹದಿನೆಂಟನೆಯ ವಯಸ್ಸಿನಲ್ಲಿ, ಎಂದರೆ 1833ರಲ್ಲಿ, ಆತನು ಸಮುದ್ರವನ್ನು ದಾಟಿ ಅಮೇರಿಕ ದೇಶದ ನ್ಯೂಯಾರ್ಕ್ ಪಟ್ಟಣದಲ್ಲಿ ಇಳಿದನು. ಆ ಕಾಲದಲ್ಲಿ ಅಲ್ಲಿ ರೈಲು ಹಾದಿಗಳು ಹೊಸದಾಗಿ ಹಬ್ಬುತ್ತಿದ್ದುವು. ಅಳತೆಯ ಕೆಲಸವನ್ನರಿತ ಹುಡುಗರಿಗೆ ಬೇಡಿಕೆಯಿದ್ದಿತು. ಕನೆಕ್ಟಿಕಟ್ ಸಂಸ್ಥಾನದ ಸ್ಟೋನಿಂಗ್ಟನ್ ಎಂಬಲ್ಲಿ ಹಾದಿಯನ್ನು ಹಾಕಿಸುತ್ತಿದ್ದ ಮೇಜರ್ ಜಾರ್ಜ್ ವಾಷಿಂಗ್ಟನ್ ವಿಸ್ಲರ್ ಎಂಬ ಇಂಜಿನಿಯರನು ಈ ಪರದೇಶಿ ತರುಣನನ್ನು ಕೆಲಸಕ್ಕಿಟ್ಟುಕೊಂಡನು. ಮರುವರ್ಷ ವಿಸ್ಲರನಿಗೆ ಮ್ಯಾಸಚೂಸೆಟ್ಸ್ ಸಂಸ್ಥಾನದ ಲೋವೆಲ್ ಪಟ್ಟಣದಿಂದ ಕರೆ ಬಂದಿತು. ಹೋಗುವಾಗ ಆತನು ಫ್ರಾನ್ಸಿಸನನ್ನೂ ಜೊತೆಗೆ ಕರೆದುಕೊಂಡು ಹೋದನು. ಹೀಗೆ 1834ರಲ್ಲಿ ಆ ಊರನ್ನು ಹೊಕ್ಕ ಫ್ರಾನ್ಸಿಸನು ಕಡೆಯವರೆಗೂ ಅದನ್ನು ಬಿಡಲಿಲ್ಲ.

ಲೋವೆಲ್ ಪಟ್ಟಣದ ಸ್ಥಿತಿಯನ್ನು ಅರಿಯದೆ ಆತನ ಕಾರ್ಯದ ಸ್ವರೂಪವು ತಿಳಿಯದು. ಬೋಸ್ಟನ್ ನಗರಕ್ಕೆ ವಾಯವ್ಯದಲ್ಲಿ ಮೆರಿಮ್ಯಾಕ್ ಎಂಬ ದೊಡ್ಡ ನದಿಯು ಪಾಟಕೆಟ್ ಎಂಬ ಸ್ಥಳದಲ್ಲಿ ಸುಮಾರು 30 ಅಡಿಗಳಷ್ಟು ತಗ್ಗಿಗೆ ಧುಮುಕುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಆ ಬೀಳನ್ನು ತಪ್ಪಿಸಿ ದೋಣಿಗಳನ್ನು ಸಾಗಿಸುವುದಕ್ಕಾಗಿ ಲಾಕ್ಸ್ ಅಂಡ್ ಕೆನಾಲ್ಸ್ ಎಂಬ ಸಂಸ್ಥೆಯವರು ಬೀಳಿನ ಮೇಲ್ಗಡೆಯಿಂದ ಕೆಳಗಡೆಗೆ ಒಂದು ಕಾಲುವೆಯನ್ನು ತೋಡಿಸಿದ್ದರು. 1820ರ ಅನಂತರದ ದಶಕದಲ್ಲಿ ಬೋಸ್ಟನ್ನಿನ ವರ್ತಕರು ಅದೇ ಕಾಲುವೆಯನ್ನು ಅಗಲಿಸಿ, ಕವಲುಗಳನ್ನು ತೆಗೆದು, ಅವುಗಳ ದಡಗಳಲ್ಲಿ ಹತ್ತಿಯ ಗಿರಣಿಗಳನ್ನು ಎಬ್ಬಿಸಿದರು. ಹೊಲಗದ್ದೆಗಳಿದ್ದ ಜಾಗದಲ್ಲಿ ಇಪ್ಪತ್ತೈದು ವರ್ಷಗಳೊಳಗೆ ಪಟ್ಟಣವೊಂದು ಎದ್ದು ನಿಂತಿತು. 1850ರಲ್ಲಿ ಅದರ ಜನಸಂಖ್ಯೆಯು 33,000ವನ್ನು ಮೀರಿದ್ದಿತು. ಹಳ್ಳಿಗಳ ಒಕ್ಕಲಿಗರ ಹೆಣ್ಣುಮಕ್ಕಳು ಸಾವಿರಗಟ್ಟಲೆಯಾಗಿ ಬಂದು, ಗಂಟೆಯ ನಾದಕ್ಕೆ ಎದ್ದು, ಗಂಟೆಯ ನಾದಕ್ಕೆ ಮಲಗುತ್ತ, ದಿನಕ್ಕೆ ಹನ್ನೆರಡು ಹದಿಮೂರು ತಾಸು ಕದಿರು ಮಗ್ಗಗಳ ಮುಂದೆ ನಿಲ್ಲುತ್ತಿದ್ದರು. ಅವರು ನೂಲುತ್ತಿದ್ದ ಹತ್ತಿಯು ದಕ್ಷಿಣ ಸಂಸ್ಥಾನಗಳಲ್ಲಿ ಗುಲಾಮರ ಬೆವರಿನಿಂದ ಬೆಳೆದುದು. ಲೋವೆಲ್ಲಿನ ಐಶ್ವರ್ಯವನ್ನು ಹೊಗಳುವವರು ಈ ಎರಡು ಸಂಗತಿಗಳನ್ನು ಮರೆಯುವುದು ನ್ಯಾಯವಲ್ಲ. ಆ ಗಿರಣಿಗಳ ಮಗ್ಗಗಳನ್ನೆಲ್ಲ ನಡೆಸುತ್ತಿದ್ದುದು ಮಾತ್ರ ನದಿಯ ನೀರೊಂದೇ. ಆ ನೀರಿನ ಒಡೆತನವು ಲಾಕ್ಸ್ ಅಂಡ್ ಕೆನಾಲ್ಸ್ ಸಂಸ್ಥೆಯದಾಗಿದ್ದಿತು. ಫ್ರಾನ್ಸಿಸನು ಆ ಸಂಸ್ಥೆಯ ಸೇವಕನು.

ಆತನಿಗೆ ಮೊದಲು ಒದಗಿದ ಕೆಲಸವು ನೀರಿನದಲ್ಲ, ಉಗಿಬಂಡಿಯದು. ಬೋಸ್ಟನ್ನಿನಿಂದ ಲೋವೆಲ್ಲಿಗೆ ಹಾಕುತ್ತಿದ್ದ ರೈಲು ಹಾದಿಗಾಗಿ ಇಂಗ್ಲೆಂಡಿನ ಸ್ಟೀಫನ್‌ಸನ್ ಕಾರ್ಖಾನೆಯಿಂದ ಒಂದು ಎಂಜಿನು ಬಂದಿದ್ದಿತು. ಅದರಂತೆಯೇ ಬೇರೆ ಎಂಜಿನುಗಳನ್ನು ಊರಿನಲ್ಲಿಯೇ ಮಾಡಿಕೊಳ್ಳಬೇಕೆಂದು ಸಂಸ್ಥೆಯವರ ಇಚ್ಛೆ. ಹತ್ತೊಂಬತ್ತರ ಹರೆಯದ ಫ್ರಾನ್ಸಿಸನು ಆ ಯಂತ್ರವನ್ನು ಬಿಡಿಬಿಡಿಯಾಗಿ ಕಳಚಿ, ಒಂದೊಂದು ಅವಯವವನ್ನೂ ಅಳೆದು, ನಕಾಶೆಗಳನ್ನು ಬರೆದುಕೊಟ್ಟನು. ಅವುಗಳ ಆಧಾರದ ಮೇಲೆ ಲೋವೆಲ್ಲಿನ ಕಾರ್ಖಾನೆಯಲ್ಲಿ ಎಂಜಿನುಗಳು ಸಿದ್ಧವಾದುವು.

1837ನೆಯ ವರ್ಷವು ಆತನ ಬಾಳಿನಲ್ಲಿ ಎರಡು ಭಾರಗಳನ್ನು ಒಟ್ಟಿಗೆ ತಂದಿತು. ವಿಸ್ಲರನು ಕೆಲಸವನ್ನು ಬಿಟ್ಟುಹೋದನು. ಮುಂದೆ ಆತನು ರಷ್ಯಾ ಚಕ್ರವರ್ತಿಯ ರೈಲು ಹಾದಿಯನ್ನು ಹಾಕಿಸಲು ಹೋಗಿ, 1849ರಲ್ಲಿ ಅಲ್ಲಿಯೇ ತೀರಿಕೊಂಡನು. ಆತನ ಪ್ರಧಾನ ಇಂಜಿನಿಯರ ಪದವಿಯು ಇಪ್ಪತ್ತೆರಡು ವರ್ಷದ ಫ್ರಾನ್ಸಿಸನ ಹೆಗಲಿಗೆ ಬಂದಿತು. ಅದೇ ವರ್ಷ ಆತನು ಲೋವೆಲ್ಲಿನ ಸಾರಾ ವಿಲ್ಬರ್ ಬ್ರೌನೆಲ್ ಎಂಬ ಕನ್ಯೆಯ ಕೈಹಿಡಿದನು. ಆ ದಂಪತಿಗಳಿಗೆ ಆರು ಮಕ್ಕಳಾದರು. ವರ್ದೆನ್ ಬೀದಿಯಲ್ಲಿ ಸಂಸ್ಥೆಯು ತನ್ನ ಅಧಿಕಾರಿಗಳಿಗಾಗಿ ಕಟ್ಟಿಸಿದ್ದ ಮನೆಯಲ್ಲಿ ವಿಸ್ಲರನ ತರುವಾಯ ಫ್ರಾನ್ಸಿಸನ ಸಂಸಾರವು ನೆಲೆಸಿತು. ವಿಸ್ಲರನ ಮಗನು, ಮುಂದೆ ಲೋಕಪ್ರಸಿದ್ಧನಾದ ಚಿತ್ರಕಾರನು, 1834ರಲ್ಲಿ ಹುಟ್ಟಿದುದು ಇದೇ ಮನೆಯಲ್ಲಿ. ಇಂದು ಆ ಮನೆಯು ಚಿತ್ರಶಾಲೆಯಾಗಿದೆ. ನೋಡಲು ಬರುವವರು ಚಿತ್ರಕಾರನ ಹೆಸರನ್ನು ಹಿಡಿದು ಬರುತ್ತಾರೆ. ತಂದೆಯ ಶಿಷ್ಯನೂ ಅಲ್ಲಿಯೇ ಸಂಸಾರ ಹೂಡಿದನೆಂಬುದು ಹಲವರಿಗೆ ತಿಳಿಯದು.

ಪರದೇಶಿಯಾಗಿ ಬಂದವನಿಗೆ ಊರು ತನ್ನದಾಗುವುದು ಹೆಂಡತಿಯ ಮನೆಯವರಿಂದ ಮತ್ತು ಮಕ್ಕಳಿಂದ. ಫ್ರಾನ್ಸಿಸನ ವಿಷಯದಲ್ಲಿಯೂ ಹಾಗೆಯೇ ಆಯಿತು. ಆತನಿಗೆ ಖ್ಯಾತಿ ಬಂದ ಮೇಲೆ ದೂರದ ಊರುಗಳವರು ಸಲಹೆಗೆ ಕರೆಯುತ್ತಿದ್ದರು. ಆತನು ಹೋಗಿ, ನೋಡಿ, ಹೇಳಿ, ಮನೆಗೆ ಹಿಂದಿರುಗುತ್ತಿದ್ದನು. ವಿಸ್ಲರನಂತೆ ಚಕ್ರವರ್ತಿಗಳ ಆಸ್ಥಾನವನ್ನು ಅರಸಿ ಹೋಗಲಿಲ್ಲ. ಮನೆಯ ಬಾಗಿಲಿಗೆ ಸಮೀಪದಲ್ಲಿ ಹರಿಯುವ ಕಾಲುವೆಗಳೇ ಆತನ ಕಾಯಕದ ಕ್ಷೇತ್ರವಾದುವು.

ಈ ಕಾಯಕದ ಕಠಿನತೆಯನ್ನು ಸ್ವಲ್ಪ ವಿವರಿಸಬೇಕಾಗಿದೆ. ಕೆರೆಯ ನೀರಿನ ಸರದಿಯ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಎಂತಹ ಕಲಹಗಳಾಗುವುವೆಂಬುದನ್ನು ಬಲ್ಲವರಿಗೆ, ಒಂದು ನದಿಯ ನೀರನ್ನು ಹತ್ತು ಗಿರಣಿ ಕಂಪನಿಗಳಿಗೆ ಹಂಚುವುದೆಂದರೇನೆಂಬುದು ಸುಲಭವಾಗಿ ತಿಳಿದೀತು. ಪ್ರತಿಯೊಂದು ಕಂಪನಿಯೂ ಇಷ್ಟು ನೀರಿಗೆಂದು ಹಣವನ್ನು ತೆತ್ತಿದ್ದಿತು. ಪ್ರತಿಯೊಂದೂ ಮಗ್ಗಗಳನ್ನು ಹೆಚ್ಚಿಸುತ್ತ, ಸದ್ದಿಲ್ಲದೆ ಹೆಚ್ಚು ನೀರನ್ನು ಎಳೆದುಕೊಳ್ಳುತ್ತಿದ್ದಿತು. ನೀರು ಅಳತೆಗೆ ಸಿಕ್ಕದಿದ್ದರೆ ಕಳ್ಳತನವೂ ಸಿಕ್ಕದು. ಫ್ರಾನ್ಸಿಸನು ಇದಕ್ಕೊಂದು ಸರಳವಾದ ಉಪಾಯವನ್ನು ಹೂಡಿದನು. ತಗಡಿನ ಉದ್ದವಾದ ಕೊಳವೆಗಳ ಒಂದು ಕೊನೆಗೆ ಸೀಸವನ್ನು ತುಂಬಿಸಿ ನೀರಿನಲ್ಲಿ ಬಿಟ್ಟರೆ ಅವು ನೆಟ್ಟಗೆ ನಿಂತು, ತಳವನ್ನು ಸ್ವಲ್ಪದರಲ್ಲಿಯೇ ಮುಟ್ಟದಂತೆ, ಪ್ರವಾಹದೊಡನೆ ತೇಲಿಹೋಗುತ್ತವೆ. ಮೇಲಿನ ನೀರು ಬೇಗ, ಕೆಳಗಿನ ನೀರು ನಿಧಾನ. ಕೊಳವೆಯಾದರೋ ಎರಡರ ಸರಾಸರಿ ವೇಗವನ್ನು ತೋರಿಸುತ್ತದೆ. ಸಮನಾಗಿ ಹಲಗೆ ಹೊದಿಸಿದ ಕಾಲುವೆಯಲ್ಲಿ ಗುರುತುಮಾಡಿದ ದೂರವನ್ನು ಅದು ಎಷ್ಟು ಹೊತ್ತಿನಲ್ಲಿ ದಾಟಿತೆಂದು ಗಡಿಯಾರವನ್ನು ಹಿಡಿದು ನೋಡಿದರೆ ಗಿರಣಿಯು ಕುಡಿಯುತ್ತಿರುವ ನೀರಿನ ಲೆಕ್ಕವು ಸಿಕ್ಕುತ್ತದೆ. ಈ ಅಳತೆಯಿಂದ ಯಾವ ಕಂಪನಿಯು ತನ್ನ ಪಾಲನ್ನು ಎಷ್ಟು ಮೀರಿದೆಯೆಂಬುದು ಕೈಯಲ್ಲಿ ಹಿಡಿದ ಹಣ್ಣಿನಂತೆ ಸ್ಪಷ್ಟವಾಯಿತು.

1845ರಲ್ಲಿ ಆತನು ಸಂಸ್ಥೆಯ ಪ್ರಧಾನ ಕಾರ್ಯಭಾರಿಯೂ ಆದನು. ಹಳೆಯ ಕಾಲುವೆಯೊಂದರಿಂದಲೇ ಎಲ್ಲ ಗಿರಣಿಗಳಿಗೂ ನೀರು ಸಾಲದಾಗಲು, ನದಿಯ ದಂಡೆಯನ್ನು ಹಿಡಿದು ಉತ್ತರದ ಕಾಲುವೆಯೆಂಬ ಹೊಸ ನಾಲೆಯನ್ನು 1846ರಿಂದ ಮೊದಲುಮಾಡಿ ಒಂದೆರಡು ವರ್ಷಗಳಲ್ಲಿಯೇ ಮುಗಿಸಿದನು. ಒಂದು ಕಡೆ ರಭಸದಿಂದ ಹರಿಯುವ ನದಿ, ಇನ್ನೊಂದು ಕಡೆ ಅದಕ್ಕಿಂತ ಎತ್ತರದಲ್ಲಿ ತುಂಬಿ ನಿಂತ ಕಾಲುವೆ, ನಡುವೆ ಕಗ್ಗಲ್ಲಿನ ಮಹಾಭಿತ್ತಿ. ಆ ಗೋಡೆಯು ಇಂದಿಗೂ ನಿಂತಿದೆ. ಇದರ ಜೊತೆಗೆ ಸಂಸ್ಥೆಯವರು ಬೇಸಗೆಯ ನೀರಿಗಾಗಿ ನೆರೆಯ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ದೊಡ್ಡ ಸರೋವರಗಳ ತೂಬುಗಳನ್ನೂ ಕೊಂಡುಕೊಂಡರು. ಲೋವೆಲ್ಲಿನ ಗಿರಣಿಗಳಿಗೆ ಇದು ಲಾಭವಾಯಿತು. ಸರೋವರದ ದಂಡೆಯ ಒಕ್ಕಲಿಗರಿಗಾದರೋ ತಮ್ಮ ಹುಲ್ಲುಗಾವಲು ಮುಳುಗುವುದೂ ತೇಲುವುದೂ ದೂರದ ಪಟ್ಟಣದವರ ಇಷ್ಟಕ್ಕೊಳಗಾಯಿತು. 1859ರಲ್ಲಿ ಅಲ್ಲಿಯ ಜನರು ಗುಂಪುಕೂಡಿ ಲೇಕ್ ವಿಲೇಜ್ ಎಂಬಲ್ಲಿಯ ಕಟ್ಟೆಯನ್ನು ಒಡೆಯಲು ಹೋದರು. ನೀರನ್ನು ಆಳುವವನಿಗೆ ಎಲ್ಲರ ಹರಕೆಯೂ ದೊರೆಯುವುದಿಲ್ಲವಷ್ಟೆ.

1849ರಲ್ಲಿ ಸಂಸ್ಥೆಯವರು ಆತನನ್ನು ಇಂಗ್ಲೆಂಡಿಗೆ ಕಳುಹಿದರು. ಹುಟ್ಟಿದ ನಾಡನ್ನು ಹದಿನಾರು ವರ್ಷಗಳ ಮೇಲೆ ಆತನು ಮರಳಿ ಕಂಡುದು ಮರಗೆಲಸದ ನಿಮಿತ್ತವಾಗಿ! ನೀರಿನಲ್ಲಿಯೂ ತೇವದಲ್ಲಿಯೂ ಇರುವ ತೊಲೆಗಳು ಕೊಳೆಯದಂತೆ ಪಾದರಸದ ಲವಣದಲ್ಲಿ ನೆನೆಸಿಡುವ ವಿಧಾನವನ್ನು ಪರೀಕ್ಷಿಸಿ ಬಂದು ಲೋವೆಲ್ಲಿನಲ್ಲಿ ಅದನ್ನು ಬಳಕೆಗೆ ತಂದನು. ಬೆಂಕಿಯ ವಿಷಯದಲ್ಲಿಯೂ ಹೀಗೆಯೇ. ಎಣ್ಣೆ ಕುಡಿದ ಹಲಗೆಗಳೂ ಹಾರಾಡುವ ಹತ್ತಿಯೂ ತುಂಬಿದ ಗಿರಣಿಗೆ ಒಂದು ಕಿಡಿ ಸಾಕು. ಛಾವಣಿಗಳ ಕೆಳಗೆ ತೂತುಗಳಿರುವ ಕೊಳವೆಗಳನ್ನು ಹಾಯಿಸಿ, ಬೇಕಾದಾಗ ಅವುಗಳಿಂದ ನೀರು ಮಳೆಗರೆಯುವಂತೆ ಆತನು ಏರ್ಪಡಿಸಿದನು.

ಈಗ ಆತನ ಹೆಸರನ್ನು ಉಳಿಸಿದ ಚಕ್ರದ ಮಾತು. ಮೊದಲು ಲೋವೆಲ್ಲಿನ ಗಿರಣಿಗಳಲ್ಲಿ ಮರದ ದೊಡ್ಡ ತೊಟ್ಟಿಚಕ್ರಗಳಿದ್ದುವು. ನೀರಿನ ಭಾರವು ತೊಟ್ಟಿಗಳಲ್ಲಿ ತುಂಬಿ ಚಕ್ರವನ್ನು ಕೆಳಕ್ಕೆಳೆಯುತ್ತಿದ್ದಿತು. 1844ರಲ್ಲಿ ಯುರೈಯಾ ಬಾಯ್ಡನ್ ಎಂಬ ಇಂಜಿನಿಯರನು ಫ್ರೆಂಚರ ಮಾದರಿಯನ್ನು ತಿದ್ದಿ, ನೀರು ನಡುವಿನಿಂದ ಹೊರಕ್ಕೆ ಚಿಮ್ಮುತ್ತ ತಿರುಗಿಸುವ ಟರ್ಬೈನನ್ನು ಅಲ್ಲಿಯ ಒಂದು ಗಿರಣಿಗೆ ಮಾಡಿಕೊಟ್ಟನು. ಫ್ರಾನ್ಸಿಸನು ಇದಕ್ಕೆ ವಿಲೋಮವಾದ ಮಾರ್ಗವನ್ನು ಹಿಡಿದನು. ನೀರು ಹೊರಗಿನ ಸುತ್ತಳತೆಯಿಂದ ಒಳಕ್ಕೆ ನುಗ್ಗಿ, ಬಾಗಿದ ಅಲಗುಗಳನ್ನು ತಳ್ಳಿ, ತನ್ನ ಬಲವನ್ನೆಲ್ಲ ಅವುಗಳಿಗೊಪ್ಪಿಸಿ, ನಡುವಿನಿಂದ ಮೆಲ್ಲಗೆ ಇಳಿದುಹೋಗಬೇಕು. ಈ ಕಲ್ಪನೆಯು ಆತನದೇ ಅಲ್ಲ. ಸ್ಯಾಮ್ಯುಯೆಲ್ ಹೌಡ್ ಎಂಬವನು 1838ರಲ್ಲಿಯೇ ಇದಕ್ಕೆ ಸನ್ನದನ್ನು ಪಡೆದಿದ್ದನು. ಹೌಡನ ಚಕ್ರವು ಒರಟಾದುದು. ಫ್ರಾನ್ಸಿಸನು ಅಲಗುಗಳ ಬಾಗನ್ನು ಗಣಿತದಿಂದ ಗೊತ್ತುಮಾಡಿ, 1849ರಲ್ಲಿ ಬೂಟ್ ಗಿರಣಿಗೆ ಇಂತಹ ಚಕ್ರಗಳನ್ನು ರಚಿಸಿ, ಅಳೆದು ನೋಡಿದನು. ನೀರಿನಲ್ಲಿರುವ ಬಲದ ನೂರು ಪಾಲಿನಲ್ಲಿ ಸುಮಾರು 80 ಪಾಲು ಗಿರಣಿಯ ದಂಡಕ್ಕೆ ತಲಪುತ್ತಿದ್ದಿತು. ಬಾಯ್ಡನ್ನನ ಚಕ್ರಗಳು ಇದಕ್ಕೆ ಕಡಮೆಯೇನೂ ಆಗಿರಲಿಲ್ಲವೆಂಬುದನ್ನು ಹೇಳಬೇಕು. ಆದರೂ ಮುಂದಿನ ಶಿಲ್ಪಿಗಳ ಕೈಯಲ್ಲಿ ತಿದ್ದುಪಡಿಯಾಗುತ್ತ ಬೆಳೆದುದು ಒಳಮುಖದ ಚಕ್ರವೇ; ಇಂದಿನ ದೊಡ್ಡ ಚಕ್ರಗಳು ನೂರಕ್ಕೆ 90 ಪಾಲನ್ನು ಮೀರಿ ಬಲವನ್ನು ಕೊಡುತ್ತವೆ. ಹೌಡನ ಹೆಸರು ಮರೆಯಾಗಿ ಫ್ರಾನ್ಸಿಸನ ಹೆಸರು ನಿಂತುದಕ್ಕೆ ಕಾರಣವು, ಆತನು ಪ್ರತಿಯೊಂದನ್ನೂ ಅಳೆದು ಬರೆದಿಟ್ಟುದು.

ಆ ಬರವಣಿಗೆಯೇ 1855ರಲ್ಲಿ ಲೋವೆಲ್ಲಿನ ಜಲಪ್ರಯೋಗಗಳೆಂಬ ಅರ್ಥದ ಹೆಸರಿನಿಂದ ಗ್ರಂಥವಾಗಿ ಹೊರಬಂದಿತು. ಟರ್ಬೈನುಗಳ ಪರೀಕ್ಷೆಗಳಲ್ಲದೆ, ಕೋಡಿಯ ಮೇಲೆ ಹರಿಯುವ ನೀರನ್ನು ಲೆಕ್ಕಹಾಕುವ ಸೂತ್ರವೂ ಅದರಲ್ಲಿದೆ. ಕೆರೆಯ ಕೋಡಿ ಬಿದ್ದಾಗ ನೀರು ಎಷ್ಟು ಎತ್ತರಕ್ಕೆ ಹರಿಯುತ್ತಿದೆಯೆಂಬುದನ್ನೂ ಕೋಡಿಯ ಅಗಲವನ್ನೂ ತಿಳಿದರೆ, ಕ್ಷಣಕ್ಕೆ ಹೋಗುತ್ತಿರುವ ನೀರಿನ ಪ್ರಮಾಣವನ್ನು ಹೇಳಬಹುದು. ಎರಡು ಅಂಚುಗಳಲ್ಲಿ ನೀರಿನ ಎಳೆಯು ಒಳಕ್ಕೆ ಕುಗ್ಗುವುದರಿಂದ ಅಗಲದಲ್ಲಿ ಅಂಚೊಂದಕ್ಕೆ ಎತ್ತರದ ಹತ್ತನೆಯ ಒಂದು ಪಾಲನ್ನು ಕಳೆಯಬೇಕೆಂದು ಆತನು ಪ್ರಯೋಗದಿಂದ ಕಂಡುಹಿಡಿದನು. ಫ್ರಾನ್ಸಿಸನ ಸೂತ್ರವೆಂದು ನಮ್ಮ ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದನ್ನು ಕಲಿಯುತ್ತಾರೆ. ಗಿರಣಿಯವರ ಹಣದಿಂದ ಗಿರಣಿಯವರ ಪ್ರಯೋಜನಕ್ಕಾಗಿ ನಡೆದ ಪ್ರಯೋಗಗಳು ಪೆಟ್ಟಿಗೆಯಲ್ಲಿ ಮುಚ್ಚಿಹೋಗದೆ ಲೋಕದ ಸೊತ್ತಾದುವು.

ಇಷ್ಟು ಕಾರ್ಯಗಳಿದ್ದರೂ ಲೋವೆಲ್ಲಿನ ಜನರು ಆತನನ್ನು ನೆನೆಯುವುದು ಒಂದು ಕದದಿಂದಾಗಿ. ಈ ಪ್ರಸಂಗವನ್ನು ವಿಸ್ತರಿಸಿಯೇ ಹೇಳಬೇಕು.

ಹಳೆಯ ಪಾಟಕೆಟ್ ಕಾಲುವೆಯು ಬೀಳಿನ ಮೇಲ್ಗಡೆಯಲ್ಲಿ ನದಿಯಿಂದ ಹೊರಟು ಊರಿನ ತಗ್ಗು ನೆಲದ ನಡುವೆ ಹಾದುಹೋಗುತ್ತಿದ್ದಿತು. ಅದರ ಬಾಯಲ್ಲಿ ಕಾವಲಿನ ತೂಬುಗಳೇನೋ ಇದ್ದುವು. ಆದರೆ ನದಿಯು ಅಸಾಧಾರಣವಾಗಿ ಏರಿ ಆ ತೂಬುಗಳನ್ನು ಮೀರಿದರೆ, ಕಾಲುವೆಯು ಮೆರಿಮ್ಯಾಕ್ ನದಿಗೆ ಹೊಸ ಪಾತ್ರವಾಗಿ, ಇಡಿಯ ಪ್ರವಾಹವು ಗಿರಣಿಗಳನ್ನೂ ಮನೆಗಳನ್ನೂ ಕೊಚ್ಚಿಕೊಂಡು ಊರ ನಡುವೆಯೇ ನುಗ್ಗುವುದು. ಇಂತಹ ನೆರೆಯನ್ನು ಲೋವೆಲ್ಲಿನವರು ಯಾರೂ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಊರಿಗೇ ಮೂವತ್ತು ವರ್ಷ ತುಂಬಿರಲಿಲ್ಲ. ಫ್ರಾನ್ಸಿಸನು ಊರಿಗಿಂತ ಹಿಂದಿನ ಕಾಲವನ್ನು ವಿಚಾರಿಸಿದನು. ಹಳೆಯ ನೆರೆಗಳ ಗುರುತುಗಳನ್ನು ಹುಡುಕಲು, 1785ರಲ್ಲಿ ನದಿಯು ಬಹಳ ಎತ್ತರಕ್ಕೆ ಏರಿದ್ದಿತೆಂಬುದು ತಿಳಿದುಬಂದಿತು. ಆಗ ಅಲ್ಲಿ ಹೊಲಗಳಿದ್ದುವು. ಈಗ ಮೂವತ್ತು ಸಾವಿರ ಜನರು ಮಲಗುತ್ತಿದ್ದಾರೆ. ಒಮ್ಮೆ ಬಂದುದು ಇನ್ನೊಮ್ಮೆ ಬಾರದೆಂದು ನದಿಯು ಯಾರಿಗೂ ಮುಚ್ಚಳಿಕೆ ಬರೆದುಕೊಟ್ಟಿಲ್ಲ.

ಹೀಗೆ ನಿಶ್ಚಯಿಸಿ ಆತನು ಕಾವಲುತೂಬಿನ ಬಳಿಯಲ್ಲಿ ಕಾಲುವೆಗೆ ಅಡ್ಡಲಾಗಿ ಒಂದು ಮನೆಯನ್ನು ಕಟ್ಟಿಸಿ, ಅದರೊಳಗೆ 27 ಅಡಿ ಅಗಲದ, 25 ಅಡಿ ಎತ್ತರದ, ದಪ್ಪ ತೊಲೆಗಳನ್ನು ಕೂಡಿಸಿದ ಮಹಾಕವಾಟವನ್ನು ಕಬ್ಬಿಣದ ಪಟ್ಟಿಯೊಂದರಿಂದ ಮೇಲೆ ತೂಗಹಾಕಿಸಿದನು. ಅದರ ಕೆಳಗೆ ನೀರೂ ದೋಣಿಗಳೂ ಎಂದಿನಂತೆ ಸಾಗಬಹುದು. ಅಪಾಯವು ಒದಗಿದ ದಿನ ಆ ಪಟ್ಟಿಯನ್ನು ಕತ್ತರಿಸಿದರೆ ಕದವು ತನ್ನ ಭಾರದಿಂದ ತಾನೇ ಕೆಳಗಿಳಿದು ಕಾಲುವೆಯ ಬಾಯಿಯನ್ನು ಮುಚ್ಚಿಬಿಡುವುದು. 1850ರಲ್ಲಿ ಕೆಲಸವು ಪೂರ್ತಿಯಾಯಿತು. ಊರಿನವರು ನಕ್ಕರು. ಬೇಸಗೆಯಲ್ಲಿ ಮೊಳಕಾಲುದ್ದದ ನೀರು ಹರಿಯುವ ಬಂಡೆಗಳ ನದಿಗೆ ಕೋಟೆಯ ಬಾಗಿಲೇಕೆ? ಹಣವೆಲ್ಲ ವ್ಯರ್ಥವೆಂದರು. ಆ ಕದಕ್ಕೆ ಫ್ರಾನ್ಸಿಸನ ಹುಚ್ಚು ಎಂದು ಅಡ್ಡಹೆಸರನ್ನಿಟ್ಟರು. ಆತನು ಯಾರೊಡನೆಯೂ ವಾದಕ್ಕೆ ನಿಂತಂತೆ ತೋರುವುದಿಲ್ಲ.

ಎರಡು ವರ್ಷಗಳು ತುಂಬುವುದರೊಳಗೆ, 1852ರ ಏಪ್ರಿಲ್ ತಿಂಗಳಿನಲ್ಲಿ, ಉತ್ತರದ ಬೆಟ್ಟಗಳ ಹಿಮವು ಕರಗುವ ಹೊತ್ತಿಗೆ ಸರಿಯಾಗಿ ಬಿರುಮಳೆಯೂ ಹಿಡಿದು ಮೆರಿಮ್ಯಾಕ್ ನದಿಯು ಉಕ್ಕಿತು. ದಿನದಿಂದ ದಿನಕ್ಕೆ ನೀರು ಏರುತ್ತ ಬಂದಿತು. ಹಳೆಯ ತೂಬುಗಳು ತಾಳಲಾರವೆಂದು ಸ್ಪಷ್ಟವಾಗಲು, 22ನೆಯ ತಾರೀಖಿನ ಬೆಳಗಿನ ಜಾವದ ಕತ್ತಲಲ್ಲಿ ಫ್ರಾನ್ಸಿಸನ ಅಪ್ಪಣೆಯಂತೆ ಕೆಲಸದವನೊಬ್ಬನು ಉಳಿ ಸುತ್ತಿಗೆಗಳಿಂದ ಪಟ್ಟಿಯನ್ನು ಕಡಿದನು. ಕದವು ಜಾರಿ ತನ್ನ ನೆಲೆಯಲ್ಲಿ ಕುಳಿತಿತು. ನದಿಯು ಅದರ ಹೊರಮೈಯನ್ನು ಬಡಿದು ಬೀಳಿನ ಕಡೆಗೆ ತಿರುಗಿತು. ಊರು ಉಳಿಯಿತು. ಆ ರಾತ್ರಿ ಆ ಊರಿನ ಮನೆಗಳಲ್ಲಿ ನಿದ್ರಿಸುತ್ತಿದ್ದವರಲ್ಲಿ ಫ್ರಾನ್ಸಿಸನ ಪತ್ನಿಯೂ ಮಕ್ಕಳೂ ಇದ್ದರೆಂಬುದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಗಿರಣಿಯ ಒಡೆಯರಲ್ಲಿ ಬಹುಮಂದಿ ಬೋಸ್ಟನ್ನಿನಲ್ಲಿ ವಾಸವಾಗಿದ್ದರು. ನೆರೆಯು ಬಂದರೆ ಅವರ ಬಂಡವಾಳವಷ್ಟೆ ಮುಳುಗುತ್ತಿದ್ದಿತು. ಫ್ರಾನ್ಸಿಸನಿಗೆ ಹಾಗಲ್ಲ. ಕಾಲುವೆಯ ಕೆಳಗಡೆಯಲ್ಲಿ ಮನೆಮಾಡಿಕೊಂಡವನು ಕಾಲುವೆಯ ಬಾಯಿಯನ್ನು ನೋಡುವ ದೃಷ್ಟಿಯೇ ಬೇರೆ.

ನಕ್ಕ ಜನರೇ ಕೃತಜ್ಞರಾಗಿ ಆತನಿಗೆ ಬೆಳ್ಳಿಯ ಪಾತ್ರೆಗಳನ್ನು ಕಾಣಿಕೆಯಾಗಿ ಒಪ್ಪಿಸಿದರು.

ಇದಾದ ಮೇಲೆ ಆತನ ಕೀರ್ತಿಯು ದೇಶದಲ್ಲೆಲ್ಲ ಹಬ್ಬಿತು. ಎರಕದ ಕಬ್ಬಿಣದ ಕಂಬಗಳು ಎಷ್ಟು ಭಾರವನ್ನು ಹೊರಬಲ್ಲವೆಂಬ ವಿಷಯದಲ್ಲಿ 1865ರಲ್ಲಿ ಒಂದು ಪುಸ್ತಕವನ್ನು ಬರೆದನು. ಗಿರಣಿಗಳ ಅಂತಸ್ತುಗಳು ನಿಂತುದೇ ಅಂತಹ ಕಂಬಗಳ ಮೇಲಲ್ಲವೆ? 1880ರಲ್ಲಿ ಅಮೇರಿಕದ ಸಿವಿಲ್ ಇಂಜಿನಿಯರುಗಳ ಸಂಘವು ಆತನನ್ನು ಅಧ್ಯಕ್ಷನನ್ನಾಗಿ ಆರಿಸಿತು. ಈ ಪದವಿಗಳಿಗಿಂತ ಮುಖ್ಯವಾದುದು 1874ರಲ್ಲಿ ನಡೆದ ಒಂದು ತನಿಖೆ. ಅದೇ ಮ್ಯಾಸಚೂಸೆಟ್ಸ್ ಸಂಸ್ಥಾನದ ವಿಲಿಯಮ್ಸ್‌ಬರ್ಗ್ ಎಂಬ ಹಳ್ಳಿಯ ಮೇಲ್ಗಡೆಯಲ್ಲಿ, ಗಿರಣಿಯ ಮಾಲಿಕರು ತಮ್ಮ ಚಕ್ರಗಳ ನೀರಿಗಾಗಿ ಕಟ್ಟಿಸಿದ್ದ ಒಡ್ಡು ಆ ವರ್ಷದ ಮೇ 16ರ ಬೆಳಗ್ಗೆ ಒಡೆದು, ಮಿಲ್ ನದಿಯ ಕಣಿವೆಯಲ್ಲಿ 139 ಮಂದಿ ಸತ್ತರು. ಇಂಜಿನಿಯರುಗಳ ಸಂಘವು ನೇಮಿಸಿದ ಮೂವರಲ್ಲಿ ಫ್ರಾನ್ಸಿಸನೊಬ್ಬನು. ಅವರು ಹೋಗಿ ಉಳಿದ ಮಣ್ಣನ್ನೂ ಗೋಡೆಯನ್ನೂ ನೋಡಿ, ಒಡ್ಡಿನ ರಚನೆಯೂ ಕೆಲಸವೂ ದೋಷಯುಕ್ತವೆಂದು ಮರೆಮಾಚದೆ ತಿಳಿಸಿದರು. ಮರುವರ್ಷವೇ ಆ ಸಂಸ್ಥಾನದಲ್ಲಿ ಒಡ್ಡುಗಳ ಮೇಲ್ವಿಚಾರಣೆಗೆ ಕಾನೂನು ಹುಟ್ಟಿತು. ಜೀವಮಾನವೆಲ್ಲ ಗಿರಣಿಯವರ ಅನ್ನವನ್ನು ಉಂಡವನು ಗಿರಣಿಯವರ ತಪ್ಪನ್ನು ಹೇಳಿದುದು ಆತನಿಗೆ ಭೂಷಣವಾಗಿದೆ.

1884ರ ಕೊನೆಗೆ, ಐವತ್ತು ವರ್ಷಗಳ ಸೇವೆಯನ್ನು ಮುಗಿಸಿ ಆತನು ಕಾರ್ಯಭಾರದಿಂದ ನಿವೃತ್ತನಾದನು. ಆ ಸ್ಥಾನಕ್ಕೆ ಬಂದವನು ಆತನ ಮಗನೇ. ತಂದೆಯ ಹೆಸರೇ ಮಗನಿಗೂ ಇದ್ದಿತು. ತಂದೆಯಿಂದ ತಾನು ಹದಿನಾಲ್ಕನೆಯ ವಯಸ್ಸಿನಲ್ಲಿ ಕಲಿತ ವಿದ್ಯೆಯನ್ನು ತನ್ನ ಮಗನ ಕೈಯಲ್ಲಿಟ್ಟು, ಸಲಹೆ ಕೇಳಿದಾಗ ಹೇಳುತ್ತ ಆತನು ಊರಿನಲ್ಲಿಯೇ ಉಳಿದನು.

ಜೀವನಚರಿತ್ರೆಯನ್ನು ಬರೆಯುವವರು ಇಲ್ಲಿಗೆ ನಿಲ್ಲಿಸಿದರೆ ಚಿತ್ರವು ಬಲು ಸುಂದರವಾಗಿರುತ್ತದೆ. ಆದರೆ ಇನ್ನೊಂದು ಸಂಗತಿಯಿದೆ. ಅದನ್ನು ಬಿಡುವುದು ಸತ್ಯಕ್ಕೆ ಒಪ್ಪುವುದಿಲ್ಲ. 1889ರ ಮೇ 31ರಂದು ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಸೌತ್ ಫೋರ್ಕ್ ಎಂಬ ಒಡ್ಡು ಒಡೆದು, ಕೆಳಗಿದ್ದ ಜಾನ್ಸ್‌ಟೌನ್ ಪಟ್ಟಣವು ನಾಶವಾಗಿ, 2,200ಕ್ಕೂ ಹೆಚ್ಚು ಮಂದಿ ಮಡಿದರು. ಆ ಒಡ್ಡು ಪಿಟ್ಸ್‌ಬರ್ಗಿನ ಮಹಾಧನಿಕರ ವಿಹಾರಸಂಘಕ್ಕೆ ಸೇರಿದುದು. ಒಡ್ಡಿನ ಬುಡದಲ್ಲಿದ್ದ ನೀರುಬಿಡುವ ಕೊಳವೆಗಳನ್ನು ಹಿಂದಿನವರು ಕಿತ್ತುಹಾಕಿದ್ದರು. ಸಂಘದವರು ಅವುಗಳನ್ನು ಮರಳಿ ಹಾಕಿಸಲಿಲ್ಲ. ಏರಿಯ ನೆತ್ತಿಯನ್ನು ತಗ್ಗಿಸಿ ಬಂಡಿಯ ದಾರಿಯನ್ನು ಮಾಡಿದ್ದರು. ಮೀನುಗಳು ತಪ್ಪಿಸಿಕೊಳ್ಳದಂತೆ ಕೋಡಿಗೆ ಜಾಲರಿಯನ್ನು ಹಾಕಿಸಿದ್ದರು. ಇಂಜಿನಿಯರುಗಳ ಸಂಘವು ತನಿಖೆಗೆ ನಾಲ್ವರನ್ನು ನೇಮಿಸಿತು. ಎಪ್ಪತ್ತನಾಲ್ಕು ವರ್ಷದ ವೃದ್ಧ ಫ್ರಾನ್ಸಿಸನು ಅವರಲ್ಲಿ ಹಿರಿಯನು.

1890ರ ಜನವರಿಯಲ್ಲಿಯೇ ವರದಿಯು ಸಿದ್ಧವಾದರೂ, ಅದು ಮುದ್ರೆಯೊತ್ತಿ ಒಳಗಿರಿಸಲ್ಪಟ್ಟಿತು. ಲೋಕಕ್ಕೆ ಗೋಚರವಾದುದು 1891ರಲ್ಲಿ. ಅಷ್ಟರಲ್ಲಿ ಜನರ ಶೋಕವು ತಣಿದಿದ್ದಿತು. ಸಂಘದವರು ಮಾಡಿದ ಮಾರ್ಪಾಟುಗಳನ್ನು ವರದಿಯು ಗುರುತಿಸಿದರೂ, ಒಡ್ಡು ಮೊದಲಿನಂತೆಯೇ ಇದ್ದಿದ್ದರೂ ಆ ಮಳೆಗೆ ಉಳಿಯುತ್ತಿರಲಿಲ್ಲವೆಂದು ತೀರ್ಮಾನಿಸಿತು. ಮರಣಹೊಂದಿದವರ ಬಂಧುಗಳಿಗೆ ಸಂಘದಿಂದ ನ್ಯಾಯಾಲಯದಲ್ಲಿ ಪರಿಹಾರವು ದೊರೆಯಲಿಲ್ಲ. ಇತ್ತೀಚೆಗೆ, 2016ರಲ್ಲಿ, ಪಂಡಿತರು ಸ್ಥಳವನ್ನು ಹೊಸದಾಗಿ ಅಳೆದು ಲೆಕ್ಕಹಾಕಿ, ಮೂಲದ ರೀತಿಯಲ್ಲಿದ್ದಿದ್ದರೆ ಆ ಒಡ್ಡು ನೆರೆಯನ್ನು ತಾಳಿಕೊಳ್ಳುತ್ತಿದ್ದಿತೆಂದು ತೋರಿಸಿದ್ದಾರೆ. ವರದಿಯನ್ನು ತಡೆದಿಟ್ಟ ದೋಷವು ಫ್ರಾನ್ಸಿಸನೊಬ್ಬನದೆಂದು ಹೇಳಲಾಗದು. ಆದರೆ ಅದಕ್ಕೆ ಆತನು ಸಹಿಹಾಕಿದ್ದನೆಂಬುದೂ ಸುಳ್ಳಲ್ಲ. ಲೋವೆಲ್ಲಿನಲ್ಲಿ ಅರುವತ್ತೈದು ವರ್ಷಗಳ ಹಿಂದಿನ ನೆರೆಯ ಗುರುತನ್ನು ಹುಡುಕಿ ಹೊರಟ ಕಣ್ಣು, ಜಾನ್ಸ್‌ಟೌನಿನ ಮೇಲ್ಗಡೆಯಲ್ಲಿ ಕಣ್ಣೆದುರಿಗಿದ್ದ ತಗ್ಗಿದ ಏರಿಯನ್ನು ಅಷ್ಟು ತೀಕ್ಷ್ಣವಾಗಿ ನೋಡಲಿಲ್ಲ. ವಾರ್ಧಕ್ಯವೇ ಕಾರಣವೋ, ಸಹಚರರ ಸಂಗವೇ ಕಾರಣವೋ, ಅಥವಾ ಆ ಕಣಿವೆಯಲ್ಲಿ ಆತನ ಮನೆಯಿರಲಿಲ್ಲವೆಂಬುದೇ ಕಾರಣವೋ, ವಾಚಕರೇ ಆಲೋಚಿಸಬಹುದು. ವಿಲಿಯಮ್ಸ್‌ಬರ್ಗಿನ ವರದಿಯನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ವ್ಯಥೆಯಾಗದಿರದು.

ಮುಂದಿನ ವರ್ಷ, 1892ರ ಸೆಪ್ಟೆಂಬರ್ 18ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಫ್ರಾನ್ಸಿಸ್ ಮಹಾಶಯನು ಲೋವೆಲ್ಲಿನಲ್ಲಿ ದೇಹವನ್ನು ಬಿಟ್ಟನು.

ಆತನು ತೂಗಹಾಕಿಸಿದ ಕದವನ್ನು 1852ರ ಮೇಲೆ ಎತ್ತಿ ಮತ್ತೆ ಸ್ವಸ್ಥಾನದಲ್ಲಿ ನಿಲ್ಲಿಸಿದ್ದರು. ಅದು ಅಲ್ಲಿಯೇ ತೂಗುತ್ತಿದ್ದಿತು. ಮಕ್ಕಳು ಮುದುಕರಾದರು, ಗಿರಣಿಗಳು ಒಂದೊಂದಾಗಿ ದಕ್ಷಿಣದ ಸಂಸ್ಥಾನಗಳಿಗೆ ಹೊರಟುಹೋದುವು, ಅಡ್ಡಹೆಸರಿಟ್ಟವರಲ್ಲಿ ಒಬ್ಬರೂ ಉಳಿಯಲಿಲ್ಲ. 1936ರ ಮಾರ್ಚ್ ತಿಂಗಳಿನಲ್ಲಿ ಮೆರಿಮ್ಯಾಕ್ ನದಿಯು ಅದುವರೆಗೆ ಯಾರೂ ಕಾಣದಷ್ಟು ಎತ್ತರಕ್ಕೆ ಏರಿತು. ನದಿಯ ದಂಡೆಯ ಕೆಲವು ಕೇರಿಗಳು ನೀರಿನ ಪಾಲಾದುವು. ಆಗ ಲೋವೆಲ್ಲಿನವರು ಹಳೆಯ ಮನೆಯ ಬಾಗಿಲನ್ನು ತೆರೆದು, ಎಂಬತ್ತನಾಲ್ಕು ವರ್ಷಗಳ ಅನಂತರ ಎರಡನೆಯ ಬಾರಿ ಆ ಕದವನ್ನು ಇಳಿಬಿಟ್ಟರು. ನಡುವೂರಿಗೆ ನೀರು ನುಗ್ಗಲಿಲ್ಲ.